ಜ್ಞಾನೇಶ ಮೇಷ್ಟ್ರ ಮೆದು ಮದ್ದು

ಎಲ್ಲಕ್ಕೂ ಮೂಲ ಪಕ್ಕದ ಮನೆ ಪುಟ್ಟಗಂಗಮ್ಮನ ಹಸು ಒದ್ದ ಒಂದು ಒದೆ.

ಹಾಲ್ಕುರಿಕೆಯ ಜ್ಞಾನೇಶ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ತೆಂಗಿನ ತೋಟಕ್ಕೆ ನುಗ್ಗಿ ಎಳನೀರು ಕಚ್ಚಿ ಬಿಸಾಡುತ್ತಿದ್ದ ಕೋತಿಗಳನ್ನು ಬೆದರಿಸಲು ಅವನು ಅಪ್ಪನ ಕಾಲದ ಕೇಪಿನ ಕೋವಿಯಿಂದ ಆಕಾಶಕ್ಕೆ ಒಂದೇ ಒಂದು ಈಡು ಹೊಡೆದಿದ್ದ. ಅಪ್ಪ ಕೋವಿ ಶಿವಣ್ಣ ಮದ್ದು ಅಳೆಯುತ್ತಿದ್ದದ್ದು ಅಂಗೈಯಲ್ಲಿ. ಮಗನೂ ಅದೇ ಅಳತೆ ಹಿಡಿದ. ಅಪ್ಪನದು ಸಣ್ಣ ಕೈ, ಮಗನದು ದೊಡ್ಡ ಕೈ ಎಂಬುದು ಈಡು ಹಾರಿದ ಮೇಲೆ ಹೊಳೆಯಿತು. ಕೋತಿಗಳು ಓಡಿದವು. ಪಕ್ಕದ ಕೊಟ್ಟಿಗೆಯಲ್ಲಿ ಹಾಲು ಕೊಡುತ್ತಿದ್ದ ಹಸು ಬೆಚ್ಚಿ ಒದ್ದಿತು. ತಂಬಿಗೆ ಒಂದು ಮೂಲೆಗೆ, ಪುಟ್ಟಗಂಗಮ್ಮ ಇನ್ನೊಂದು ಮೂಲೆಗೆ. ಆ ಸಂಜೆಯಿಂದ ಹಸು ಒಂದು ವಾರ ಹಾಲಿಳಿಸುವುದನ್ನೇ ಬಿಟ್ಟು, ಮೇಷ್ಟ್ರ ಮನೆ ಕಡೆ ನೋಡಿದಾಗೆಲ್ಲ ಕಿವಿ ನಿಮಿರಿಸತೊಡಗಿತು.

ಪಂಚಾಯ್ತಿ ಸೇರಿತು. ಹಿರಿಯರೂ ಕೊಬ್ಬರಿ ವ್ಯಾಪಾರಿಗಳೂ ಆದ ಮಲ್ಲಿಕಾರ್ಜುನಯ್ಯ ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟರು.

"ನೋಡಪ್ಪ ಜ್ಞಾನೇಶ, ಕೋತಿ ಆಂಜನೇಯನ ಕಡೆಯೋವು. ಹೆದರಿಸ್ಬೌದು, ಮೈಗೆ ಹೊಡೆಯೋ ಹಾಗಿಲ್ಲ. ಇನ್ನು ಮೇಲಕ್ಕೆ ಹೊಡೆದ್ಯೋ, ಒಂದು ಸೀಸದ ಚರೆ ಸುಳಿಗೆ ಬಿದ್ರೂ ಮರವೇ ಹೋಯ್ತು. ಅದಕ್ಕೇ, ಮಣ್ಣಿನ ದಿಬ್ಬದ ಮುಂದೆ ಏನಾರ ಗುರಿ ಕಟ್ಟಿ, ಅದಕ್ಕೇ ಹೊಡಿ. ಹಸ ಬೆಚ್ಚಬಾರ್ದು, ಕೋತಿ ಓಡ್ಬೇಕು."

"ಹಸಕ್ಕೆ ಕೇಳ್ಬಾರ್ದು, ಕೋತಿಗೆ ಕೇಳ್ಬೇಕು ಅಂದ್ರೆ ಹೆಂಗೆ ದೊಡ್ಡಪ್ಪ?"

"ನೀನು ಬಿ.ಎಸ್ಸಿ. ಓದಿರೋದು ಯಾತಕ್ಕೆ ಮತ್ತೆ?"

ಪಕ್ಕದ ತೋಟದ ಮೋಹನ್ ಕುಮಾರ್ ಕಿಸಕ್ಕನೆ ನಕ್ಕ. ಅವನು ಜ್ಞಾನೇಶನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. "ಬುಡ್ಲಾ ಜ್ಞಾನಿ, ಕೋವಿ ಕಾಲ ಮುಗೀತು. ನಾನು ತಿಪಟೂರಿಂದ ಹುಲಿ ಬೊಂಬೆ ತಂದು ಕೂರಿಸೀನಿ, ನೋಡು ಬಾ."

ಜ್ಞಾನೇಶ ನೋಡಿಬಂದಿದ್ದ. ಬೊಂಬೆ ಹುಲಿಯ ಬೆನ್ನಿಗೆ ಒರಗಿ ಕೂತು ಒಂದು ತಾಯಿ ಕೋತಿ ಮರಿಯ ಹೇನು ಆರಿಸುತ್ತಿತ್ತು.

ಮನೆಯಲ್ಲಿ ಹೆಂಡತಿ ನಯನಳ ತೀರ್ಪು ಇನ್ನೂ ಚಿಕ್ಕದು. "ರೀ, ಒಂದೋ ಅದು ಕೆಲ್ಸ ಮಾಡ್ಬೇಕು, ಇಲ್ಲಾ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು. ಅಕ್ಕಪಕ್ಕದೋರ ಹತ್ರ ದಿನಾ ಮಾತು ಕೇಳಕ್ಕೆ ನನ್ನ ಕೈಲಾಗಲ್ಲ."

ಒಪ್ಪಿಸುವುದು ಎಂದರೆ ಜ್ಞಾನೇಶನ ಎದೆ ಹಿಂಡಿದಂತಾಗುತ್ತಿತ್ತು. ಅಪ್ಪ ಬಿಟ್ಟುಹೋದದ್ದರಲ್ಲಿ ಅಪ್ಪನ ಕೈವಾಸನೆ ಉಳಿದಿದ್ದದ್ದು ಆ ಕೋವಿಯ ಮರದ ಹಿಡಿಯಲ್ಲಿ ಮಾತ್ರ. ಹೋದ ಸಲ ಎಲೆಕ್ಷನ್ನಿಗೆಂದು ಎಲ್ಲರ ಕೋವಿಗಳನ್ನೂ ಸ್ಟೇಷನ್ನಿನಲ್ಲಿ ಇರಿಸಿಕೊಂಡಾಗ, ಅವನು ಆಸ್ಪತ್ರೆಗೆ ಸೇರಿದ ನೆಂಟರನ್ನು ನೋಡುವವನಂತೆ ಆಗಾಗ ಹೋಗಿ ಬಾಗಿಲಲ್ಲಿ ನಿಂತು ಬರುತ್ತಿದ್ದ.

ಹಾಗಾಗಿ ಸದ್ದು ತಗ್ಗಿಸುವ ಮೆದು ಮದ್ದಿನ ಪ್ರಯೋಗ ಶುರುವಾಯಿತು.

ಜ್ಞಾನೇಶ ಯಾವ ಕೆಲಸವನ್ನೂ ಅಂದಾಜಿಗೆ ಮಾಡುವವನಲ್ಲ. ಮದ್ದನ್ನು ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ ತೂಗಿದ. ಅದರ ಮೇಲೆ ತೆಂಗಿನ ನಾರಿನ ಉಂಡೆಯನ್ನು ಕಬ್ಬಿಣದ ಕಡ್ಡಿಯಿಂದ ಮೆಲ್ಲಗೆ ಗಿಡಿದ. ಮೊದಲ ಈಡು ಮುದುಕ ಗಂಟಲು ಸರಿಪಡಿಸಿಕೊಂಡಂತೆ ಕೆಮ್ಮಿತು. ಚರೆಗಳು ನಳಿಕೆಯ ತುದಿಯಿಂದ ಉರುಳಿ ಅವನ ಚಪ್ಪಲಿಯ ಮೇಲೆಯೇ ಬಿದ್ದವು. ಒಂದು ದಿನ ಕೂದಲೆಳೆಯಷ್ಟು ಏರಿಸಿದ, ಇನ್ನೊಂದು ದಿನ ಇಳಿಸಿದ. ಕೊನೆಗೆ ಬಂದ ಶಬ್ದ ಬೇರೆಯದೇ ಆಗಿತ್ತು: "ಠಪ್". ತುಂಬಿದ ಮನೆಯಲ್ಲಿ ಯಾರೋ ಮರ್ಯಾದೆಯಿಂದ ಬಾಗಿಲು ಹಾಕಿದ ಹಾಗೆ.

ಗುರಿಗೆ ಆ ಸೀಮೆಯಲ್ಲಿ ತೆಂಗಿನಕಾಯಿ ಬಿಟ್ಟು ಬೇರೇನು ಸಿಗುತ್ತದೆ? ಅಟ್ಟದಲ್ಲಿ ಒಣಗಿ ಒಳಗಿನ ಕೊಬ್ಬರಿ ಕೌಟಾಗಿದ್ದ ಕಾಯಿಗಳನ್ನು ಸುಲಿದು, ತೋಟದ ಅಂಚಿನ ದಿಬ್ಬದ ಮುಂದೆ ಹಗ್ಗದಲ್ಲಿ ಇಳಿಬಿಟ್ಟ. ಠಪ್ ಎನ್ನುತ್ತಲೇ ಕಾಯಿ ಬಿರಿದು ಹೋಳಾಗಿ ಕೆಳಗೆ ಉದುರುತ್ತಿತ್ತು. ಅವನು ಕೂಡಲೇ ತಲೆಯೆತ್ತಿ ಮರಗಳನ್ನು ನೋಡುತ್ತಿದ್ದ. ಆಗಷ್ಟೇ ಗರಿಗಳ ನಡುವೆ ಕೂತಿದ್ದ ಕೋತಿಗಳಲ್ಲಿ ಒಂದೂ ಇರುತ್ತಿರಲಿಲ್ಲ. ಮರ ಖಾಲಿ. ಪ್ರಯೋಗ ಯಶಸ್ವಿ. ಕೋವಿಯನ್ನು ಹೆಗಲಿಗೇರಿಸಿ, ಸಂತೋಷದಿಂದ ಸ್ನಾನಕ್ಕೆ ಓಡುತ್ತಿದ್ದ.

ಕಿರಿಕಿರಿಯಾಗುತ್ತಿದ್ದದ್ದು ಒಂದೇ ವಿಷಯಕ್ಕೆ. ಸಂಜೆ ಬಂದು ನೋಡಿದರೆ ಹೋಳುಗಳಲ್ಲಿ ಕೊಬ್ಬರಿ ಇರುತ್ತಿರಲಿಲ್ಲ. ಪುಟ್ಟಗಂಗಮ್ಮ ಹಂಡೆ ಒಲೆಗೆಂದು ಚಿಪ್ಪು ಆಯುತ್ತಿದ್ದಳು. ಕೊಬ್ಬರಿಯೂ ಅವಳದೇ ಕೆಲಸ ಎಂದುಕೊಂಡ ಜ್ಞಾನೇಶ ಹಾಲಿನ ಋಣ ನೆನೆದು ಸುಮ್ಮನಿದ್ದ. ಅವಳು ಮಾತ್ರ ಒಂದು ದಿನ ಬಾಯಿಬಿಟ್ಟೇ ಹೇಳಿದಳು: "ಚಿಪ್ಪನ್ನ ಬಲೇ ಚೆನ್ನಾಗಿ ಕೆರೆದು ತಿಂದಿರ್ತೀರ ಕಣ್ರೀ ಮೇಷ್ಟ್ರೇ. ಮನೇಲಿ ನಯನ ಸರಿಯಾಗಿ ಊಟಕ್ಕೆ ಇಕ್ಕಲ್ವಾ?" ಕದ್ದವಳೇ ಹೀಗೆ ಕುಟುಕುತ್ತಾಳಲ್ಲ ಎಂದು ಅವನು ಒಳಗೇ ನಕ್ಕ.

ಭಾನುವಾರ ಬೆಳಿಗ್ಗೆ ಎಲ್ಲರ ಮುಂದೆ ಪರೀಕ್ಷೆ. ಜ್ಞಾನೇಶ ಕೋಳಿಗಿಂತ ಮೊದಲು ಎದ್ದ. ಸೋಮವಾರದ ಪಾಠವನ್ನು ಗಟ್ಟಿಯಾಗಿ ಒಪ್ಪಿಸಿಕೊಂಡು ಮನಸ್ಸು ಕಟ್ಟಿಹಾಕಲು ನೋಡಿದ: "ಗಂಟೆ ಬಾರಿಸಿ ನಾಯಿಗೆ ಊಟ ಹಾಕುತ್ತಾ ಬಂದರೆ, ಕೊನೆಗೆ ಗಂಟೆ ಕೇಳಿದರೆ ಸಾಕು, ನಾಯಿಯ ಬಾಯಲ್ಲಿ ನೀರೂರುತ್ತದೆ..."

"ನಾಯಿ ಆಮೇಲೆ, ಮೊದ್ಲು ಕೋತಿ ನೋಡಿ," ಎಂದಳು ನಯನ. ಅವಳೂ ಒಳಗೊಳಗೇ ಉಬ್ಬಿದ್ದಳು. ಊರವರು ಬರುತ್ತಾರೆ, ಕೌಟು ಕಾಯಿ ಕಟ್ಟಿದರೆ ಮನೆ ಮರ್ಯಾದೆ ಏನಾದೀತು ಎಂದು ಅಟ್ಟದ ಅತ್ಯುತ್ತಮ ಕಾಯಿಯನ್ನೇ ಸುಲಿದು ಕಟ್ಟಿದ್ದಳು.

ದಿಬ್ಬದ ಬಳಿ ಆಗಲೇ ಜನ ಸೇರಿದ್ದರು. ಪುಟ್ಟಗಂಗಮ್ಮ ಹಸುವನ್ನು ತಂದು ಮರಕ್ಕೆ ಕಟ್ಟಿ, ತಂಬಿಗೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಳು. ಮಲ್ಲಿಕಾರ್ಜುನಯ್ಯ ನೇರವಾಗಿ ಗುರಿಯ ಬಳಿ ಹೋಗಿ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಒಣಗಿದ ಉಂಡೆ ಒಳಗೆ ಲೊಟಲೊಟ ಅಂತೈತೆ. ಇಂಥಾ ಕೊಬ್ಬರೀನ ಹೊಡೆದು ಹಾಳ್ಮಾಡ್ತೀಯೇನಯ್ಯ? ಬೇರೆ ಕಟ್ಟು."

"ಕಾಯಿ ಬದಲಾದ್ರೆ ಅಳತೆ ಬದಲಾಗುತ್ತೆ ದೊಡ್ಡಪ್ಪ. ಬುಡಿ."

"ಅಳತೆಯಂತೆ," ಎಂದು ಮೋಹನ್ ಕುಮಾರ್ ಬಗ್ಗಿ, ಕಾಗದದಲ್ಲಿ ತೂಗಿಟ್ಟಿದ್ದ ಮದ್ದನ್ನು ನೋಡಿದ. "ಇದೇನ್ಲಾ ಇದು, ಮೂಗಿಗೆ ಏರಿಸೋ ನಶ್ಯಾನಾ? ಇಷ್ಟಕ್ಕೆ ನೊಣಾನೂ ಏಳಲ್ಲ. ಇನ್ನೊಂದು ಹಿಡಿ ಹಾಕು."

"ಕೈ ಇಡಬೇಡ. ನಳಿಕೆ ಸಿಡಿದ್ರೆ ನಿನ್ನ ಹುಲಿ ಬೊಂಬೇನೂ ಓಡಿ ಹೋಗುತ್ತೆ."

ಜ್ಞಾನೇಶ ಮದ್ದು ತುಂಬಿದ. ನಾರು ಗಿಡಿದ. ಚರೆ ಹಾಕಿ, ಮೇಲೊಂದು ನಾರಿನ ಉಂಡೆ ಒತ್ತಿದ. ಮದ್ದಿಗೆ ಕಿಡಿ ಕೊಡುವ ಕೇಪು ಇಟ್ಟ. ಇನ್ನೇನು ಗುರಿ ಹಿಡಿಯಬೇಕು.

"ತಡಿ ತಡಿ," ಎಂದರು ಮಲ್ಲಿಕಾರ್ಜುನಯ್ಯ. "ನಿಮ್ಮಪ್ಪನ ಆಯುಧ. ಪೂಜೆ ಇಲ್ದೆ ಹೊಡೀತೀಯ?"

ಬೇಡವೆನ್ನುವಷ್ಟರಲ್ಲಿ ವಿಭೂತಿ ಬಂತು. ನಳಿಕೆಗೆ ಮೂರು ಪಟ್ಟೆ ಬಿತ್ತು. ತುದಿಯ ಗುರಿಮಣಿಯೂ ಹಣೆಯೆಂದೇ ತಿಳಿದು ಅದಕ್ಕೂ ಬಳಿದರು. ಪುಟ್ಟಗಂಗಮ್ಮ ಹಸುವಿನ ಹತ್ತಿರದಿಂದಲೇ ಕೆಚ್ಚಲು ತೊಳೆಯಲು ತಂದ ನೀರನ್ನೇ ತೀರ್ಥವೆಂದು ಚಿಮುಕಿಸಿದಳು. ಅದು ಸರಿಯಾಗಿ ಕೇಪಿನ ಮೇಲೆ ಬಿತ್ತು.

ಜ್ಞಾನೇಶ ಉಸಿರು ಬಿಗಿಹಿಡಿದು ಕೋವಿಯ ಕುದುರೆ ಎಳೆದ. "ಟಿಕ್."

ಅಷ್ಟೇ. ಹಸು ಕತ್ತು ತಿರುಗಿಸಿ, ಇದಕ್ಕಾ ನನ್ನ ಕರೆಸಿದ್ದು ಎಂಬಂತೆ ನೋಡಿತು.

"ನನ್ನ ಹಸ ಬೆಚ್ಚಲಿಲ್ಲ ಕಣ್ರೀ," ಎಂದು ಪುಟ್ಟಗಂಗಮ್ಮ ಉದಾರವಾಗಿ ಒಪ್ಪಿಕೊಂಡಳು. ಮೋಹನ್ ಕುಮಾರ್ ನಗು ತಡೆಯಲಾರದೆ ಮರ ಹಿಡಿದುಕೊಂಡ. ನಯನಳ ಮುಖ ಸಣ್ಣದಾಯಿತು. ಜ್ಞಾನೇಶನ ಕಿವಿ ಕೆಂಪಾದವು. ಸ್ಟೇಷನ್ನಿನ ಕತ್ತಲೆ ಮೂಲೆಯಲ್ಲಿ ಅಪ್ಪನ ಕೋವಿ ಒರಗಿ ನಿಂತಂತೆ ಕಣ್ಣಿಗೆ ಕಟ್ಟಿತು. ಆದರೂ, ಹಾರದ ಈಡು ತಡವಾಗಿಯೂ ಹಾರಬಹುದು, ನಿಯಮ ನಿಯಮವೇ. ಕೋವಿಯನ್ನು ದಿಬ್ಬದ ಕಡೆಗೇ ಹಿಡಿದು ಸಾಕಷ್ಟು ಹೊತ್ತು ಕಾದ. ಆಮೇಲೆ ಒದ್ದೆ ಕೇಪು ತೆಗೆದು, ಒರೆಸಿ, ಹೊಸದು ಇಟ್ಟ. ಗುರಿಮಣಿಯ ವಿಭೂತಿಯನ್ನು ಮನಸ್ಸಲ್ಲೇ ಶಿವನ ಕ್ಷಮೆ ಕೇಳಿ ಅಂಗಿಯ ತುದಿಯಿಂದ ಅಳಿಸಿದ.

"ಅಕ್ಕ, ಹಾಲು ಕರೀತಿರಿ. ನಿಲ್ಲಿಸಬೇಡಿ."

ಚರ್ರ್, ಚರ್ರ್ ಎಂದು ತಂಬಿಗೆಗೆ ಹಾಲು ಬೀಳತೊಡಗಿತು.

"ಠಪ್."

ಕಾಯಿ ನಡುವಿಗೆ ಬಿರಿದು, ಬೆಳ್ಳನೆಯ ಕೊಬ್ಬರಿಯ ಹೋಳುಗಳು ನೆಲಕ್ಕೆ ಉದುರಿದವು. ಚರೆಗಳು ದಿಬ್ಬದ ಮಣ್ಣಿನಲ್ಲಿ ಹುದುಗಿದವು. ಚರ್ರ್, ಚರ್ರ್: ಹಾಲು ನಿಲ್ಲಲೇ ಇಲ್ಲ. ಹಸು ಬಾಲ ಬೀಸಿ ಒಂದು ನೊಣ ಓಡಿಸಿತು, ಅಷ್ಟೇ.

"ಭಲೇ," ಎಂದರು ಮಲ್ಲಿಕಾರ್ಜುನಯ್ಯ. ನಯನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಜ್ಞಾನೇಶ ಅಭ್ಯಾಸದಂತೆ ತಲೆಯೆತ್ತಿದ. ಮರಗಳ ಮೇಲೆ ಒಂದು ಕೋತಿಯೂ ಇಲ್ಲ. ಅವನ ಎದೆ ಪಂಪ್‌ಸೆಟ್ಟಿನಂತೆ ಹೊಡೆದುಕೊಳ್ಳುತ್ತಿತ್ತು. "ನೋಡಿ ದೊಡ್ಡಪ್ಪ, ಎಲ್ಲಾ ಓಡಿಹೋದ್ವು."

"ಓಡಿದ್ದೇನೋ ಸರಿ ಕಣ್ಲಾ," ಎಂದ ಮೋಹನ್ ಕುಮಾರ್, ಬೇಲಿಯ ಕಡೆ ನೋಡುತ್ತಾ. "ಯಾವ ಕಡೆಗೆ ಅಂತ ನೋಡಿದ್ಯಾ?"

ಬೇಲಿಯ ಲಂಟಾನ ಪೊದೆ ಅಲ್ಲಾಡಿತು. ಒಂದು ಗಡವ ಕೋತಿ ಹೊರಬಂದು, ಜನರ ನಡುವೆಯೇ ಪರಿಚಿತ ಬೀಗರಂತೆ ನಡೆದು, ಒಂದು ಹೋಳು ಎತ್ತಿಕೊಂಡಿತು. ಹಿಂದೆಯೇ ಅದರ ಸಂಸಾರ. ಮೋಹನ್ ಕುಮಾರನ ತೋಟದಿಂದ ಒಂದು ದಂಡು ಬೇಲಿ ಹಾರಿ ಬಂತು, ಹುಲಿಗೆ ಒರಗುತ್ತಿದ್ದ ತಾಯಿಯೂ ಅದರಲ್ಲಿತ್ತು. ಮಲ್ಲಿಕಾರ್ಜುನಯ್ಯನವರ ತೋಟದ ಕಡೆಯಿಂದ ಇನ್ನೊಂದು ದಂಡು ಕೆಮ್ಮಣ್ಣು ಎಬ್ಬಿಸುತ್ತಾ ಓಡಿಬಂತು. ಎಲ್ಲವೂ ದಿಬ್ಬದ ಮುಂದೆ ಕೂತು, ಹೋಳುಗಳನ್ನು ಹಂಚಿಕೊಂಡು, ಚಿಪ್ಪಿನ ತಳದವರೆಗೂ ಕೆರೆದು ತಿಂದವು. ತಿಂದು ಮುಗಿಸಿ ಜ್ಞಾನೇಶನ ಕಡೆ ತಿರುಗಿ ಕೂತವು.

"ಅಯ್ಯೋ ಶಿವನೇ," ಎಂದಳು ಪುಟ್ಟಗಂಗಮ್ಮ. "ಚಿಪ್ಪು ಕೆರೀತಿದ್ದೋರು ಇವರಾ? ನಾನು ಮೇಷ್ಟ್ರು ಅಂದ್ಕೊಂಡಿದ್ದೆ."

ಕೋತಿಗೆ ಎಳನೀರು ಕಚ್ಚಲು ಬರುತ್ತದೆ, ಒಣಗಿದ ಕಾಯಿ ಒಡೆಯಲು ಬರುವುದಿಲ್ಲ. ಅದನ್ನು ದಿನಾ ಬೆಳಿಗ್ಗೆ ಒಡೆದುಕೊಟ್ಟು, ಒಡೆದೆನೆಂದು ಠಪ್ ಎಂದು ಸಾರಿದವನು ತಾನೇ. ಕಂಗೆಟ್ಟ ಜ್ಞಾನೇಶ ಕೋವಿಯನ್ನು ಎದೆಗೊತ್ತಿಕೊಂಡು ನಿಂತ. ಕೊನೆಗೆ, ಯಾರ ಮುಖವನ್ನೂ ನೋಡದೆ ಹೇಳಿದ: "ಆಯ್ತು ಬುಡಿ. ನಾಳೆ ಸ್ಟೇಷನ್ನಿಗೆ ಒಪ್ಪಿಸಿ ಬತ್ತೀನಿ."

"ಏ, ನಿಂತ್ಕೊಳಯ್ಯ," ಎಂದರು ಮಲ್ಲಿಕಾರ್ಜುನಯ್ಯ. ಅವರು ತಮ್ಮ ತೋಟದ ಕಡೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ವ್ಯಾಪಾರಿಯ ಕಣ್ಣು ಮಿನುಗಿತು. "ಮೋಹನ, ನಿನ್ನ ತೋಟದಾಗೆ ಈಗ ಎಷ್ಟು ಕೋತಿ ಅವೆ?"

"ಒಂದೂ ಇಲ್ಲ ಕಣಣ್ಣ."

"ನನ್ನ ತೋಟದಾಗೂ ಒಂದೂ ಇಲ್ಲ. ನಿಮ್ಮಪ್ಪನ ಕೈಲೂ ಇದು ಆಗಿರ್ಲಿಲ್ಲ ಕಣಪ್ಪ ಜ್ಞಾನೇಶ. ನೀನು ಕೋವಿ ಒಪ್ಪಿಸೋ ಮಾತೇ ಆಡ್ಬೇಡ. ಯಾರಾದ್ರೂ ಕೇಳಿದ್ರೆ ನಾನೇ ಬಂದು ಹೇಳ್ತೀನಿ. ದಿನಾ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಒಂದು ಈಡು ಹೊಡಿ. ಇಲ್ಲೇ."

"ಇಲ್ಲೇ ಅಂದ್ರೆ..." ನಯನ ತನ್ನ ಮರಗಳ ಕಡೆ ನೋಡಿದಳು. "ನಮ್ಮ ತೋಟದಲ್ಲೇನಾ?"

"ಮತ್ತೆ? ಬೇರೆ ಕಡೆ ಶಬ್ದ ಆದ್ರೆ ಹಸ ಬೆಚ್ಚಲ್ವೇ?"

ಊರು ಒಕ್ಕೊರಲಿನಿಂದ ಒಪ್ಪಿತು. ಮೋಹನ್ ಕುಮಾರ್ ಮೊದಲ ಸಲ ಜ್ಞಾನೇಶನ ಬೆನ್ನು ತಟ್ಟಿದ. ಪುಟ್ಟಗಂಗಮ್ಮ ಒಂದು ಲೋಟ ಹಾಲು ಕೊಟ್ಟಳು. ಜ್ಞಾನೇಶ ಅದನ್ನು ಕುಡಿಯುತ್ತಿದ್ದಾಗ ಎದುರಿನ ಮರದಿಂದ ಕಚ್ಚಿದ ಎಳನೀರೊಂದು ಧೊಪ್ಪೆಂದು ಬಿತ್ತು. ಊಟದ ಮೇಲೆ ಕೋತಿಗಳಿಗೂ ನೀರು ಬೇಡವೇ?

ಮರುದಿನ ಬೆಳಿಗ್ಗೆ ಜ್ಞಾನೇಶನಿಗೆ ಸ್ವಲ್ಪ ಹೆಚ್ಚೇ ನಿದ್ದೆ ಹತ್ತಿತ್ತು. ಹಿತ್ತಿಲಿನ ತಗಡಿನ ಮಾಡಿನ ಮೇಲೆ ಕೋತಿಯೊಂದು ಬಿಸಾಡಿದ ಎಳನೀರು ಬಿದ್ದು "ಢಣ್" ಎಂದಿತು. ಮಗ್ಗುಲಾದ. ಮತ್ತೆ "ಢಣ್". ಅವನು ಧಡಕ್ಕನೆ ಎದ್ದು, ಹಲ್ಲೂ ಉಜ್ಜದೆ, ಅಟ್ಟದಿಂದ ಒಂದು ಕಾಯಿ ಇಳಿಸಿ, ಕೋವಿ ಹಿಡಿದು ಹಿತ್ತಿಲ ಬಾಗಿಲಿಗೆ ಓಡಿದ.

"ರೀ," ಎಂದಳು ನಯನ, ಹಾಸಿಗೆಯಿಂದಲೇ. "ನಿಮ್ಮ ಪಾಠದಲ್ಲಿ, ಗಂಟೆ ಹೊಡೆದ ತಕ್ಷಣ ಓಡಿ ಬರ್ತಿದ್ದದ್ದು ಯಾರು?"

ಜ್ಞಾನೇಶ ಆಗಲೇ ಹಿತ್ತಿಲು ದಾಟಿದ್ದ. ಮೂರನೆಯ ಎಳನೀರು ಬೀಳುವುದರೊಳಗೆ ಅವನು ದಿಬ್ಬದ ಬಳಿ ಇರಬೇಕಿತ್ತು.