ಕ್ಯಾಮೆರಾ ಬಾಡಿಯೂ ನಾದಿನಿಯ ಫೋಟೋವೂ

“ನಾನಿರೋವಾಗ ನಮ್ಮನೆ ಹುಡುಗಿ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸ್ಕೊಳ್ಳೋದಾ? ಹಾಗಾದ್ರೆ ನಾನು ಕ್ಯಾಮೆರಾ ಹಿಡಿದಿರೋದು ಯಾತಕ್ಕೆ?”

ಮುಂಬೈಯ ಮುಲುಂಡಿನ ಜಯಸಿಂಹರು ಹೀಗೆ ಗರ್ಜಿಸಿದಾಗ ಕೆಳಗಿನ ಮಹಡಿಯವರು ರೇಡಿಯೋ ಸಣ್ಣಗೆ ಮಾಡಿದರಂತೆ. ವಿಷಯ ಇಷ್ಟೇ. ಅವರ ಮನೆಯಲ್ಲೇ ಇದ್ದು ಕೆಲಸಕ್ಕೆ ಹೋಗುವ ನಾದಿನಿ ವಿನೋದಿನಿಗೆ ಸಯನ್‌ನಿಂದ ಒಳ್ಳೆಯ ಸಂಬಂಧ ಬಂದಿತ್ತು. ಮೊದಲು ಒಂದು ಫೋಟೋ ಕಳಿಸಿ ಎಂದಿದ್ದರು ಹುಡುಗನ ಕಡೆಯವರು.

ಆದರೆ ಜಯಸಿಂಹರು ಕಲಾವಿದರು! ಹಳೆಯ ಕ್ಯಾಮೆರಾ ಬಾಡಿಯಲ್ಲಿ ತೆಗೆದರೆ ಕಲೆಗೆ ಅಪಚಾರ. ಗಣೇಶ ಹಬ್ಬದ ಫೋಟೋದಲ್ಲಿ ಸೊಸೈಟಿ ಅಧ್ಯಕ್ಷರ ಅರ್ಧ ತಲೆ ಹಾರಿಹೋಗಿದ್ದಕ್ಕೂ ಆ ಬಾಡಿಯೇ ಕಾರಣ. ಹಿಡಿದ ಕೈಯದು ತಪ್ಪು ಎಂದು ಹೇಳುವ ಧೈರ್ಯ ಯಾರಿಗಿದೆ?

“ಲೆನ್ಸ್ ಚಿನ್ನದಂಥದು ಕಣೇ. ಬಾಡಿ ಮಾತ್ರ ಬದಲಾಯಿಸ್ಬೇಕು.”

“ಯಾವಾಗ್ರೀ?” ಎಂದರು ಹೆಂಡತಿ ಶಾಮಲಾ.

“ದೀಪಾವಳಿಗೆ ಹೊಸ ಮಾಡೆಲ್ ಬರತ್ತೆ. ಈಗ್ಲೇ ಕೊಂಡ್ರೆ ಮೂರ್ಖರಾಗ್ತೀವಿ.”

ದೀಪಾವಳಿಗೆ ಮಾಡೆಲ್ ಬಂತು. ಅದರ ಹಿಂದೆಯೇ, ಯುಗಾದಿಗೆ ಇನ್ನೂ ಹೊಸದು ಬರುತ್ತದೆಂಬ ಸುದ್ದಿಯೂ ಬಂತು. ಜಯಸಿಂಹರು ಫೋಟೋಗ್ರಫಿ ಪತ್ರಿಕೆಯನ್ನು ಪಂಚಾಂಗದಂತೆ ತಿರುವಿ, ಕಾಲ ಇನ್ನೂ ಕೂಡಿಬಂದಿಲ್ಲ ಎಂದು ತೀರ್ಪಿತ್ತರು. ಸಯನ್‌ನವರು ಮತ್ತೆ ಮತ್ತೆ ಹೇಳಿಕಳಿಸಿದರು. ಕೊನೆಗೆ ಅವರ ಮಾತಿನ ಧಾಟಿಯೇ ಬದಲಾಯಿತು.

“ಹುಡುಗೀಗೆ ಮೆಳ್ಳೆಗಣ್ಣಾ ಅಂತ ಕೇಳ್ತಿದಾರೆ ರೀ!” ಶಾಮಲಾ ಕಣ್ಣಲ್ಲಿ ನೀರು ತುಂಬಿತ್ತು. “ಈ ಸಂಬಂಧ ತಪ್ಪಿಹೋಗ್ಲಿ, ಆಮೇಲಿದೆ ನಿಮಗೆ!”

“ಭಾವ, ಸ್ಟೇಷನ್ ಎದುರಿಗೇ ಸ್ಟುಡಿಯೋ ಇದೆ. ಜಲ್ದಿ ಆಗತ್ತೆ,” ಎಂದಳು ವಿನೋದಿನಿ.

“ಛೇ! ಅವರು ಪಾಸ್‌ಪೋರ್ಟ್ ಫೋಟೋ ತೆಗೆಯೋರಮ್ಮ!”

ಬಾಯಲ್ಲಿ ಹಾಗೆಂದರೂ ಸಂಬಂಧ ತಪ್ಪೀತೆಂಬ ಭಯ ಜಯಸಿಂಹರಿಗೂ ಹತ್ತಿತು. ಆಫೀಸಿನ ಬಸವಂತಪ್ಪನ ತಮ್ಮ ದುಬೈಯಿಂದ ಬರುವವನಿದ್ದ. ಅವನ ಕೈಯಲ್ಲಿ ಎಲ್ಲಕ್ಕಿಂತ ಹೊಸ ಬಾಡಿ ತರಿಸಿಯೇಬಿಟ್ಟರು. ಡಬ್ಬಿ ಕೈಗೆ ಬಂದದ್ದು ಮಂಗಳವಾರ. ಮಂಗಳವಾರ ಹೊಸ ವಸ್ತು ತೆರೆಯುವುದುಂಟೆ? ಬುಧವಾರ ಅಮಾವಾಸ್ಯೆ, ಗುರುವಾರ ಪಾಡ್ಯ. ಶುಕ್ರವಾರ ರಾಹುಕಾಲ ಕಳೆದ ಮೇಲೆ ಪೂಜೆ, ಅಲ್ಲಿಯವರೆಗೆ ಡಬ್ಬಿ ಮುಟ್ಟಕೂಡದು ಎಂದು ಅಪ್ಪಣೆಯಾಯಿತು. ಹೊಸದು ಬಂದ ಖುಷಿಯಲ್ಲಿ, ಲೆನ್ಸ್ ಬಿಚ್ಚಿಟ್ಟುಕೊಂಡು ಹಳೆಯ ಬಾಡಿಯನ್ನು ಬಸವಂತಪ್ಪನಿಗೇ ದಾನ ಮಾಡಿದರು.

“ಚೊಲೋ ಐತಲ್ರೀ ಸರ, ಯಾಕ ಕೊಡಾಕತ್ತೀರಿ?”

“ಮ್ಯೂಸಿಯಮ್ಮಿನ ಮಾಲು. ತಗೊಂಡು ಹೋಗಯ್ಯ!”

ಅವನು ಸಂತೋಷದಿಂದ ಅದನ್ನು ಹೆಗಲಿಗೆ ಹಾಕಿಕೊಂಡು ರಜೆಯ ಮೇಲೆ ಬಿಜಾಪುರಕ್ಕೆ ಹೋದ.

ಶುಕ್ರವಾರ ವಿನೋದಿನಿ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಕಿಟಕಿಯ ಬಳಿ ಕೂತಳು. ಹೊಸ ಬಾಡಿಗೆ ಅರಿಶಿನ ಕುಂಕುಮವಾಯಿತು, ಮಂಗಳಾರತಿಯಾಯಿತು, ಕಾಯಿಯೂ ಒಡೆಯಿತು. ಜಯಸಿಂಹರು ಗಂಭೀರವಾಗಿ ಲೆನ್ಸ್ ಎತ್ತಿ ಬಾಡಿಗೆ ಸೇರಿಸಹೋದರು. ಸೇರಲಿಲ್ಲ. ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು, ಮನೆದೇವರಿಗೆ ಹರಕೆ ಹೊತ್ತರು. ಹೊಸ ಬಾಡಿಯ ಬಾಯಿಯೇ ಬೇರೆ, ಹಳೆಯ ಲೆನ್ಸಿನ ಹಲ್ಲೇ ಬೇರೆ!

“ಹಳೇದನ್ನ ಕೊಡೋ ಮುಂಚೆ ಒಂದ್ಸಲ ಹಾಕಿ ನೋಡ್ಬಾರ್ದಿತ್ತೇನ್ರೀ?”

“ಪೂಜೆ ಆಗ್ದೆ ಹೇಗೆ ಮುಟ್ಟೋದೇ? ಈಗೇನು, ಹೊಸ ಲೆನ್ಸ್ ತರಿಸಿದ್ರಾಯ್ತು. ಆದ್ರೆ ಯುಗಾದಿಗೆ...”

ಶಾಮಲಾ ನೋಡಿದ ನೋಟಕ್ಕೆ ಆ ವಾಕ್ಯ ಅಲ್ಲೇ ಪ್ರಾಣ ಬಿಟ್ಟಿತು.

ಸೋಮವಾರ ಸಂಜೆ ವಿನೋದಿನಿ ಕೆಲಸದಿಂದ ನಗುತ್ತಲೇ ಬಂದಳು.

“ಅಕ್ಕ, ಲೋಕಲ್ ಟ್ರೇನ್‌ನಲ್ಲಿ ದಿನಾ ನನ್ನೆದುರು ಕೂತು ಬಟಾಣಿ ಸುಲೀತಾರಲ್ಲ, ಆ ಕನ್ನಡದ ಆಂಟಿ, ಅವರೇ ಹುಡುಗನ ತಾಯಿ! ‘ಮುಲುಂಡಿನವರು ಒಂದು ಫೋಟೋಗೆ ಇಷ್ಟು ಸತಾಯಿಸ್ತಿದಾರೆ’ ಅಂತ ಪಕ್ಕದವರಿಗೆ ಹೇಳ್ತಿದ್ರು. ನಾನೇ ಆಂಟಿ ಆ ಹುಡುಗಿ ಅಂದೆ.”

“ಅಯ್ಯೋ! ಆಮೇಲೆ?”

“ಒಪ್ಪಿಗೆ ಅಂತೆ! ಮಾತಾಡ್ತಾ ಸಯನ್‌ನಲ್ಲಿ ಇಳಿಯೋದನ್ನೇ ಮರೆತು ಕುರ್ಲಾವರೆಗೂ ಬಂದ್ರು.”

ಜಯಸಿಂಹರಿಗೆ ಹೋದ ಜೀವ ಮರಳಿ ಬಂತು. ಅದರ ಜೊತೆಗೆ ಜಂಬವೂ ಬಂತು.

“ನೋಡ್ದೇನೇ? ನಾನು ತಡ ಮಾಡಿದ್ದು ಸುಮ್ನೇನಾ? ಮದುವೆ ಫೋಟೋ ನೋಡಿ ಮುಂಬೈಗೆ ಮುಂಬೈಯೇ ಬೆರಗಾಗ್ಬೇಕು!”

ಶಾಮಲಾ ಅತ್ತ ಕಿವಿಗೊಡದೆ ತಂಗಿಯನ್ನು ಕೇಳಿದರು: “ಕೊಡೋದು ತಗೊಳ್ಳೋದು ಏನಂತೆ?”

“ಏನೂ ಬೇಡವಂತೆ ಅಕ್ಕ. ಒಂದೇ ಷರತ್ತು.” ವಿನೋದಿನಿ ಭಾವನ ಮುಖ ನೋಡಲಾರದೆ ತಲೆ ತಗ್ಗಿಸಿದಳು. “ಫೋಟೋ ಮಾತ್ರ ಗಂಡಿನ ಕಡೆಯವರೇ ತೆಗೆಸ್ತಾರಂತೆ.”