ನಮ್ಮತ್ತೆಯ ಮಗಳ ಮದುವೆ

ನಮ್ಮ ಸೋದರತ್ತೆಗೆ ಮಕ್ಕಳಿರಲಿಲ್ಲ. ಆದರೆ ಆಕೆ ಮಗಳ ಮದುವೆ ಮಾಡಿದಳು! ಅದೂ ಎಂಥ ಮದುವೆ! ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನಿಂದ ಜನ ಗಾಡಿ ಕಟ್ಟಿಕೊಂಡು ಬಂದು, ಆಯೇರು ಮಾಡಿ, ಗೋಧಿ ಹುಗ್ಗಿ ಉಂಡು, ಎಲೆಅಡಿಕೆ ಹಾಕಿಕೊಂಡು ಹೋದರು. ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದೇನು, ಬಂದವರ ಕಾಲಿಗೆ ನೀರು ಕೊಟ್ಟವಳೇ ನಾನು. ನೀವು ಹಾಗೆಲ್ಲ ಹುಬ್ಬೇರಿಸಬೇಡಿ, ನಮ್ಮತ್ತೆ ಮರ್ಯಾದಸ್ಥ ಮನೆತನದ ಹೆಣ್ಣುಮಗಳು. ಸ್ವಲ್ಪ ತಾಳಿ, ಮೊದಲಿನಿಂದ ಹೇಳುತ್ತೇನೆ.

ಅತ್ತೆಯನ್ನು ಕೊಟ್ಟ ಊರು ವರದಾ ಹೊಳೆಯ ನಡುಗಡ್ಡೆ. ಬೇಸಿಗೆಯಲ್ಲಿ ಹೋದರೆ ಈ ಮಾತನ್ನು ಯಾರೂ ನಂಬುವುದಿಲ್ಲ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಅದೇ ಹೊಳೆಯ ಕವಲು, ಎರಡರಲ್ಲೂ ಬರೀ ಮರಳು. ಎತ್ತಿನ ಗಾಡಿ ಆರಾಮಾಗಿ ದಾಟುತ್ತದೆ. ಮಳೆಗಾಲ ಹಿಡಿಯಿತೋ, ಸುತ್ತಲೂ ಕೆಂಪು ನೀರು, ನಡುವೆ ಊರು. ಆಮೇಲೆ ಹರಿಗೋಲೇ ಗತಿ.

ಮದುವೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ಅತ್ತೆ ಗಂಡನನ್ನು ಕಳೆದುಕೊಂಡಳು. ಆಕೆಗೆ ಉಳಿದದ್ದು ಒಂದಿಷ್ಟು ಹೊಲ, ಒಂದು ಜೋಡಿ ಎತ್ತು, ಮತ್ತು ಆಕೆಯ ದನಿ. ಅಬ್ಬಬ್ಬಾ, ಆ ದನಿ! ಅಂಬಿಗ ಆಚೆ ದಂಡೆಯಲ್ಲಿ ಮಲಗಿಬಿಟ್ಟಿದ್ದರೆ ಊರವರು ಅತ್ತೆಯನ್ನೇ ಹೊಳೆಗೆ ಕರೆದೊಯ್ಯುತ್ತಿದ್ದರು. "ಏ ತಮ್ಮಾ, ಏಳೋ!" ಎಂದು ಆಕೆ ಒಮ್ಮೆ ಕೂಗಿದರೆ ಅಂಬಿಗನೂ ಏಳುತ್ತಿದ್ದ, ಆಚೆ ಊರಿನ ನಾಯಿಗಳೂ ಏಳುತ್ತಿದ್ದವು.

ಆಕೆಗಿದ್ದ ಹುಚ್ಚು ಒಂದೇ, ಆಯೇರು. ಗೊತ್ತಲ್ಲ? ಮದುವೆಮನೆಗೆ ಸೀರೆಯೋ ಕುಪ್ಪಸವೋ ಕೊಡವೋ ಒಯ್ದು ಕೊಡುವುದು. ಇವತ್ತು ನಾನು ನಿನ್ನ ಮಗಳಿಗೆ ಮಾಡಿದೆ, ನಾಳೆ ನೀನು ನನ್ನ ಮಗಳಿಗೆ ಮಾಡು, ಎಂಬುದು ಅದರ ಒಳಗಿನ ಮಾತು. ಅತ್ತೆಗೆ ಮಗಳೂ ಇಲ್ಲ, ಮಗನೂ ಇಲ್ಲ. ಆದರೂ ಎಲ್ಲಿ ಹಂದರ ಹಾಕಿದರೂ ಅಲ್ಲಿ ಈಕೆ ಹಾಜರು, ಬಗಲಲ್ಲಿ ತಾಮ್ರದ ಕೊಡ! ಗಂಡ ಸತ್ತವಳು ಮದುವೆಯಲ್ಲಿ ಕಂಬದ ಹಿಂದೆ ನಿಲ್ಲಬೇಕಾದ ಕಾಲ ಅದು. ಅತ್ತೆ ಆಯೇರಿನ ಹೊತ್ತಿಗೆ ಮುಂದೆ ಬಂದು, ಕೊಡ ಕೊಟ್ಟು, ನಾಲ್ಕು ಜನರನ್ನು ನಗಿಸಿ, ಮತ್ತೆ ತಾನಾಗಿಯೇ ಕಂಬದ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಆರತಿ ಎತ್ತುವಾಗ, ಮದುಮಗಳ ಉಡಿ ತುಂಬುವಾಗ ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ.

ಒಮ್ಮೆ ದುಂಡಸಿಗೆ ಯಾರದೋ ಮದುವೆಗೆಂದು ಹೋದವಳು ಮೊದಲು ಕಂಡ ಹಂದರದೊಳಗೆ ನುಗ್ಗಿ, ಕೊಡ ಕೊಟ್ಟು, ಎರಡೆರಡು ಸಲ ನೀಡಿಸಿಕೊಂಡು ಉಂಡು ಬಂದುಬಿಟ್ಟಳು. ಊರು ಸರಿ, ದಿನ ಸರಿ, ಹಂದರ ಮಾತ್ರ ಬೇರೆಯವರದು! ಕರೆದವರ ಮನೆ ಇನ್ನೊಂದು ಓಣಿಯಲ್ಲಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಆಕೆ ಮುಖ ಗಂಟು ಹಾಕಿಕೊಂಡಳು.

"ಯಾಕ ನಗತೀ? ಅವರೂ ಲಗ್ನಾನ ಮಾಡಾಕತ್ತಿದ್ರಲ್ಲ? ಸತ್ತವರ ದಿವಸ ಅಂತೂ ಮಾಡಾಕತ್ತಿರಲಿಲ್ಲಲ್ಲ!"

"ಅವರು ಯಾರಂತ ನಿನಗ ಗೊತ್ತಿಲ್ಲ, ನೀ ಯಾರಂತ ಅವರಿಗೆ ಗೊತ್ತಿಲ್ಲ. ಕೊಡ ಹೋತಲ್ಲತ್ತಿ!"

"ಹೋಗೂದೆಲ್ಲಿಗೆ? ಆ ಹುಡುಗಿ ಅದರಾಗ ನೀರ ತರತಾಳ, ತಗೋ."

ಇಂಥ ಅತ್ತೆಯ ಮನೆಗೆ ನಾನು ಬಂದದ್ದು ಆ ಊರಿನ ಶಾಲೆಯ ಅಕ್ಕೋರಾಗಿ. ಸವಣೂರಿನಲ್ಲಿ ಮುಲ್ಕಿ ಪರೀಕ್ಷೆ ಪಾಸು ಮಾಡಿ, ತರಬೇತಿ ಮುಗಿಸಿದ ನನಗೆ ಅದೇ ಮೊದಲ ನೌಕರಿ. ಶಾಲೆ ಎಂದರೆ ಹನುಮಪ್ಪನ ಗುಡಿಯ ಪಡಸಾಲೆ. ಮೂರು ಕಡೆ ಗೋಡೆಯಿಲ್ಲ, ಮೇಲೆ ಸೋರುವ ಮಾಡು. ಮಳೆ ಉತ್ತರದಿಂದ ಬಂದರೆ ಮಕ್ಕಳು ದಕ್ಷಿಣಕ್ಕೆ ಸರಿಯುವರು, ದಕ್ಷಿಣದಿಂದ ಬಂದರೆ ಉತ್ತರಕ್ಕೆ. ಅವರ ಜೊತೆ ಊರಿನ ಆಡುಗಳೂ ಸರಿಯುತ್ತಿದ್ದವು. ದಿಕ್ಕುಗಳ ಪಾಠವನ್ನು ನಾನು ಬೇರೆ ಮಾಡಬೇಕಾಗಿಯೇ ಇರಲಿಲ್ಲ.

ಆದರೆ ಆ ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಕುಳಿತಿದ್ದರು! ಅದು ಅತ್ತೆಯ ಕೆಲಸ. ತಾನು ಒಂದಕ್ಷರ ಕಲಿತವಳಲ್ಲ. ಆದರೂ ಮಗಳನ್ನು ಶಾಲೆಗೆ ಕಳಿಸದ ಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತುಬಿಡುತ್ತಿದ್ದಳು. ಕುಳಿತು ಸುಮ್ಮನಿರುವ ಪೈಕಿಯೇ? ಆ ದನಿಯಲ್ಲಿ ಮಾತಾಡುತ್ತಿದ್ದಳು! ಹೊತ್ತು ಏರುವುದರೊಳಗೆ ಆ ಮನೆಯ ಯಜಮಾನ ಕೈಮುಗಿದು, "ಯಕ್ಕಾ, ಹುಡುಗೀನ ಕರಕೊಂಡ ಹೋಗು, ನಮ್ಮ ಕಿವಿ ಉಳಸು" ಎನ್ನುತ್ತಿದ್ದ.

ಹೀಗಿರುವಾಗ ಶಾಲೆ ತಪಾಸಣೆಗೆ ಸಾಹೇಬರು ಬಂದರು. ಪಡಸಾಲೆ ನೋಡಿದರು, ಆಡುಗಳನ್ನು ನೋಡಿದರು, ನನ್ನನ್ನು ನೋಡಿದರು. ಬರುವ ಮಳೆಗಾಲದೊಳಗೆ ನಾಲ್ಕು ಗೋಡೆಯ ಕೋಣೆ ಆಗದಿದ್ದರೆ ಶಾಲೆಯನ್ನು ಆಚೆ ದಂಡೆಯ ಊರಿನ ಶಾಲೆಗೆ ಸೇರಿಸುವುದಾಗಿ ಹೇಳಿ ಹೋದರು. ಗಂಡುಮಕ್ಕಳೇನೋ ಹರಿಗೋಲು ಹತ್ತಿ ಹೋದಾರು. ತುಂಬಿದ ಹೊಳೆಯಲ್ಲಿ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಒಬ್ಬಳೂ ಹೋಗುವುದಿಲ್ಲ. ಅದು ನನಗೂ ಗೊತ್ತು, ಅತ್ತೆಗೂ ಗೊತ್ತು. ಆ ದಿನ ಆಕೆ ರೊಟ್ಟಿ ಬಡಿದ ಸಪ್ಪಳ ಮೂರು ಮನೆಗೆ ಕೇಳಿಸಿತು.

ಮೊದಲು ಮಕ್ಕಳಿಂದ ನಾಟಕ ಆಡಿಸಿ ದುಡ್ಡು ಎತ್ತೋಣ ಎಂದಳು. ಆಡಿಸಿದೆವು. ಊರೆಂಬುದೇ ಅಂಗೈ ಅಗಲ. ಎಲ್ಲರೂ ತಮ್ಮ ತಮ್ಮ ಮಾಳಿಗೆಯ ಮೇಲೆ ಕುಳಿತು ಸೊಗಸಾಗಿ ನೋಡಿದರು. ತಮ್ಮ ಮಾಳಿಗೆಯ ಮೇಲೆ ತಾವು ಕುಳಿತವರ ಹತ್ತಿರ ಟಿಕೀಟು ಹೇಗೆ ಕೇಳುವುದು?

ಆಮೇಲೆ ಸವಾಲು, ಅಂದರೆ ಹರಾಜು. ಮನೆಗೊಂದರಂತೆ ಕಾಯಿಪಲ್ಲೆ ತಂದು ಗುಡಿಯ ಮುಂದೆ ಇಟ್ಟರು. ಅತ್ತೆ ತನ್ನ ಹಿತ್ತಲಿನ ದೊಡ್ಡ ಕುಂಬಳಕಾಯಿ ತಂದಳು. ಸವಾಲು ಏರತೊಡಗಿತು ನೋಡಿ, ಅತ್ತೆಗೆ ಆವೇಶ ಬಂತು. ಯಾರೋ ಒಂದು ಮಾತು ಕೂಗಿದರೆ ಈಕೆ ಅದರ ಮೇಲೆ, ಅವರು ಮತ್ತೆ ಕೂಗಿದರೆ ಈಕೆ ಅದರ ಮೇಲೆ! ಕೊನೆಗೆ ಎಲ್ಲರೂ ಸುಮ್ಮನಾದರು. ಈಕೆ ಮಾತ್ರ ಒಬ್ಬಳೇ ತನ್ನ ಮೇಲೆ ತಾನೇ ಇನ್ನೆರಡು ಸಲ ಏರಿಸಿ, ತನ್ನ ಕುಂಬಳಕಾಯಿಯನ್ನು ತಾನೇ ಗೆದ್ದು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಬಂದಳು. ಆ ವಾರವೆಲ್ಲ ನಾನು ಕುಂಬಳಕಾಯಿ ಪಲ್ಲೆ ಉಂಡೆ.

ಕುಂಬಳಕಾಯಿ ಮುಗಿದ ದಿನ ಆಕೆ ಒಮ್ಮೆಲೇ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟು ಹೇಳಿದಳು: "ನಾ ಮಗಳ ಲಗ್ನಾ ಮಾಡತೇನಿ."

"ಯಾ ಮಗಳದ?"

"ಸಾಲಿದು! ನಾ ಎಲ್ಲಾರ ಮಕ್ಕಳಿಗೂ ಆಯೇರ ಮಾಡೇನೋ ಇಲ್ಲೋ? ಈಗ ನನ್ನ ಮಗಳಿಗೆ ಅವರು ಮಾಡಲಿ."

ಶಾಲೆಗೆ ಮದುವೆ! ನಾನು ನಕ್ಕೆ. ಆಕೆ ನಗಲಿಲ್ಲ. ಮರುದಿನವೇ ಗಾಡಿ ಕಟ್ಟಿಸಿ, ಮಡಿಲ ತುಂಬ ಎಲೆಅಡಿಕೆ ಇಟ್ಟುಕೊಂಡು ಕರೆಯಲು ಹೊರಟೇಬಿಟ್ಟಳು. ರಜೆಯ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ತಿಳವಳ್ಳಿಯಲ್ಲಿ ಒಬ್ಬ ಹಿರಿಯ ಹೆಣ್ಣುಮಗಳಿಗೂ ಈಕೆಗೂ ನಡೆದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಲಗ್ನಾ ಏನೋ ಖರೆ. ಗಂಡ ಯಾರವಾ?"

"ಸರಕಾರ."

"ಯಾ ಊರಾಂವ?"

"ದೊಡ್ಡ ಊರಾಂವ. ಮನಿ ಕಡೆ ಬರೂದು ಕಡಿಮಿ. ಪಗಾರ ಕಳಸತಾನ, ಅದೂ ತಡಾ ಮಾಡಿ."

"ಅಯ್ಯ! ಹಂಗಾರ ಹುಡುಗಿಗೆ ಕಷ್ಟನ ಬಿಡು."

"ಏನ ಮಾಡೂದವಾ, ಬ್ಯಾರೆ ಗಂಡು ಸಿಗಲಿಲ್ಲ. ಸೀರಿ ತರಬ್ಯಾಡ್ರಿ, ಕೊಡ ತರಬ್ಯಾಡ್ರಿ. ನನ್ನ ಮಗಳು ಕಲ್ಲ ಉಡತಾಳ, ಹಂಚ ಹೊದಿತಾಳ."

ಆ ಹೆಣ್ಣುಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತಲೇ ಎಲೆಅಡಿಕೆ ತೆಗೆದುಕೊಂಡಳು. ತೆಗೆದುಕೊಂಡಳು ಎಂದರೆ ಮುಗಿಯಿತು, ಬರಲೇಬೇಕು.

ಬಂದರು ನೋಡಿ! ಬೇಸಿಗೆಯ ಹೊಳೆಯ ಮರಳಿನಲ್ಲಿ ಗಾಡಿಗಳ ಸಾಲೇ ಸಾಲು. ತಿಳವಳ್ಳಿಯವರು ತೊಲೆಗಳನ್ನು ಹೇರಿಕೊಂಡು ಬಂದರು. ಸವಣೂರಿನಿಂದ ನಮ್ಮಪ್ಪ ಹಂಚು ತಂದ. ಹಂಚಿನ ಮೇಲೆ ಮದುವೆಯೂಟಕ್ಕೆಂದು ನಮ್ಮ ತೋಟದ ವೀಳ್ಯದೆಲೆಯ ಪೆಂಡಿ. ಹುಲಗೂರಿನ ಗೌಂಡಿ ಕಾಕಾ ಬರಿಗೈಯಲ್ಲಿ ಬಂದ. ಅವನ ಮಗಳ ಮದುವೆಗೆ ಅತ್ತೆ ಹಸಿರು ಸೀರೆ ಒಯ್ದಿದ್ದಳು.

"ಅಕ್ಕಾ, ನನ್ನ ಕಡೆ ಹೇರಿಕೊಂಡ ಬರೂವಂಥಾದ್ದ ಏನೂ ಇಲ್ರಿ. ಈ ಎರಡ ಕೈ ಅದಾವ. ಗ್ವಾಡಿ ನನ್ನ ಆಯೇರ" ಎಂದವನೇ ಅಂಗಿಯ ತೋಳು ಮಡಚಿದ.

ಹಿರೇಕೆರೂರಿನ ಮುದುಕಿಯೊಬ್ಬಳಿಗೆ ಮಾತ್ರ ಕರೆಯ ಪೂರ್ತಿ ವಿವರ ಮುಟ್ಟಿರಲಿಲ್ಲ. ಆಕೆ ಕಾಲುಂಗುರ, ಇಳಕಲ್ ಸೀರೆ ಹಿಡಿದುಕೊಂಡು ಬಂದು, "ಮದುಮಗಳು ಎಲ್ಲಿ? ತೋರಸ್ರಿ, ಮುಖಾ ನೋಡತೇನಿ" ಎಂದು ಹಟ ಹಿಡಿದಳು. ಕೈಹಿಡಿದು ಕರೆದೊಯ್ದು, ತೋಡಿದ್ದ ಪಾಯವನ್ನು ತೋರಿಸಿ, "ಈಕೀನ ನೋಡ್ರಿ ಆಯೀ" ಎಂದೆವು. ಮುದುಕಿ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಮೈಕೈ ತುಂಬಿಕೊಂಡಾಳ ಬಿಡವಾ, ಚಲೋ ಅದಾಳ" ಎಂದು ಸೀರೆಯನ್ನು ಪಾಯದ ಕಲ್ಲಿಗೆ ಹೊದಿಸಿದಳು! ಆಮೇಲೆ ಎಷ್ಟೋ ವರ್ಷ ಆ ಸೀರೆ ನಮ್ಮ ಶಾಲೆಯ ನಾಟಕಕ್ಕೆ ಪರದೆಯಾಗಿತ್ತು.

ಎಲ್ಲರ ಊಟ ಮುಗಿಯುತ್ತ ಬಂದಾಗ ಇನ್ನೊಂದು ಗಾಡಿ ಬಂತು. ಅದರಲ್ಲಿ ಸಾಗವಾನಿಯ ಜೋಡಿ ಬಾಗಿಲು, ಚೌಕಟ್ಟು ಸಮೇತ. ಇಳಿದವರು ಯಾರೆಂದು ಯಾರಿಗೂ ತಿಳಿಯಲಿಲ್ಲ. ಅತ್ತೆಗೂ ತಿಳಿಯಲಿಲ್ಲ.

"ದುಂಡಸಿಯವರ್ರಿ ನಾವು. ನಮ್ಮ ಹುಡುಗಿ ಲಗ್ನದಾಗ ಗುರುತಿಲ್ಲದ ಹೆಣ್ಮಗಳೊಬ್ಬಾಕಿ ತಾಮ್ರದ ಕೊಡ ಕೊಟ್ಟ, ಎರಡ ಸಲ ನೀಡಿಸಿಕೊಂಡ ಉಂಡ ಹ್ವಾದ್ಲು. ಯಾರಂತ ಹುಡುಕೇ ಹುಡುಕಿದ್ವಿ. ಮೊನ್ನೆ ಯಾರೋ ಒಬ್ಬಾಕಿ ಸಾಲಿಗೆ ಮದುವಿ ಮಾಡಾಕತ್ತಾಳ ಅಂದ್ರು. ಆಕೀನ ಇರಬೇಕು ಅಂದ್ಲ್ರಿ ನಮ್ಮ ಮನ್ಯಾಕಿ!"

ಅತ್ತೆ ನನ್ನ ಕಡೆ ತಿರುಗಿ ಹುಬ್ಬು ಕುಣಿಸಿದ್ದನ್ನು ನೀವು ನೋಡಬೇಕಿತ್ತು! ನಾನು ಹುಗ್ಗಿಯ ತಪ್ಪೇಲಿಯ ಕಡೆ ನೋಡುತ್ತ ನಿಂತೆ.

ಮದುವೆ ಒಂದು ದಿನ, ಅದರ ಕೆಲಸ ಬೇಸಿಗೆಯೆಲ್ಲ. ಗೌಂಡಿ ಕಾಕಾ ಗೋಡೆ ಏರಿಸಿದ, ಊರವರು ಕಲ್ಲು ಹೊತ್ತರು, ಅತ್ತೆ ಕೂಗಿದಳು. ಹೊಳೆಗೆ ಹೊಸ ನೀರು ಬಂದ ವಾರವೇ ಸಾಹೇಬರು ಹರಿಗೋಲಿನಲ್ಲಿ ಬಂದಿಳಿದರು. ಇಳಿದದ್ದೇ ತಡ, ಕಾಲಿಗೆ ನೀರು, ತಲೆಗೆ ರುಮಾಲು, ಹಣೆಗೆ ವಿಭೂತಿ! ಗಂಡಿನ ಕಡೆಯವರು ಅವರೊಬ್ಬರೇ ತಾನೇ? ಬೀಗರಿಗೆ ಮಾಡುವ ಚೇಷ್ಟೆಯನ್ನೆಲ್ಲ ಊರ ಹೆಂಗಸರು ಅವರಿಗೆ ಮಾಡಿದರು. ಪಾಪ, ಗಟ್ಟಿ ಮನುಷ್ಯ, ತಡೆದುಕೊಂಡರು. ನಾಲ್ಕೂ ಗೋಡೆ ತಟ್ಟಿ ನೋಡಿದರು, ಬಾಗಿಲನ್ನು ತೆರೆದು ಮುಚ್ಚಿ ನೋಡಿದರು. "ಸಾಲಿ ಇಲ್ಲೇ ಇರತೈತಿ" ಎಂದರು. ಹೆಣ್ಣುಮಕ್ಕಳು ಹೋ ಎಂದು ಕೂಗಿದ್ದು ಆಚೆ ದಂಡೆಗೆ ಕೇಳಿರಬೇಕು.

ಇನ್ನು ಕೀಲಿಕೈ ಒಪ್ಪಿಸಬೇಕು. ಅತ್ತೆ ಎಲ್ಲಿ? ಹುಡುಕಿದರೆ, ಹೊಸ ಶಾಲೆಯ ಕಂಬದ ಹಿಂದೆ ನಿಂತಿದ್ದಾಳೆ! ತನ್ನ ಮಗಳ ಮದುವೆಯಲ್ಲೂ ಕಾಲು ತಾನಾಗಿಯೇ ಅಲ್ಲಿಗೆ ಹೋಗಿಬಿಟ್ಟಿತ್ತು. ಗುಡಿಯ ಅಯ್ಯನವರು ಅದನ್ನು ಕಂಡು ಜೋರಾಗಿಯೇ ಹೇಳಿದರು: "ಹೆಣ್ಣ ಒಪ್ಪಸೂದು ಹಡದವ್ವನ ಕೆಲಸ. ಮುಂದ ಬಾರವಾ ತಾಯಿ."

ಹೆಣ್ಣು ಒಪ್ಪಿಸುವುದನ್ನು ನೀವು ನೋಡಿದ್ದೀರಿ. ಮದುವೆಯ ನಗುವೆಲ್ಲ ಅಲ್ಲಿಗೆ ಮುಗಿಯುತ್ತದೆ. ಅತ್ತೆ ಬಂದಳು. ಕೀಲಿಕೈಯನ್ನು ಎರಡೂ ಕೈಯಲ್ಲಿ ಹಿಡಿದು ಸಾಹೇಬರ ಮುಂದೆ ಚಾಚಿದಳು. "ಕೂಸನ್ನ ನಿಮ್ಮ ಉಡಿಯಾಗ ಹಾಕೇನ್ರಿ. ತಪ್ಪ ಮಾಡಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ..." ಎಂದವಳಿಗೆ ಮುಂದೆ ದನಿಯೇ ಹೊರಡಲಿಲ್ಲ. ಹೊಳೆ ದಾಟಿ ನಾಯಿಗಳನ್ನು ಎಬ್ಬಿಸುವ ಆ ದನಿ! ಸಾಹೇಬರು ತಲೆಯ ರುಮಾಲನ್ನು ಸರಿಮಾಡಿಕೊಂಡು, ಬಗ್ಗಿ ಕೀಲಿಕೈ ತೆಗೆದುಕೊಂಡರು. "ಮಗಳಂಗ ನೋಡಿಕೋತೇವ್ರಿ ಅವ್ವಾರ" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು. ನಮ್ಮ ಕಡೆ ಅಳದವರು ಯಾರೂ ಇರಲಿಲ್ಲ.

ಅದೇ ವರ್ಷ ನಾಗರ ಪಂಚಮಿ ಬಂತು. ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವ ಹಬ್ಬ. ಸುತ್ತಲೂ ಹೊಳೆ ತುಂಬಿ ಹರಿಯುತ್ತಿತ್ತು, ಶಾಲೆಗೆ ರಜೆ. ನಸುಕಿನಲ್ಲಿ ಅತ್ತೆ ನನ್ನನ್ನು ಎಬ್ಬಿಸಿ, ಎಣ್ಣೆ ಹಚ್ಚಿ ಎರೆದು, ಹೊಸ ಸೀರೆ ಉಡಿಸಿದಳು. ತಾನು ಮೊರದಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ, ಎಳ್ಳುಂಡೆ ಇಟ್ಟುಕೊಂಡಳು. ಶಾಲೆಯ ಹೊಸ್ತಿಲಿಗೆ ಬಂದು ನಿಂತು ಆಚೀಚೆ ನೋಡಿದಳು. ಕಟ್ಟೆಯ ಮೇಲೆ ಕುಳಿತಿದ್ದ ಊರ ಮುತ್ತೈದೆಯರು ನೋಡುತ್ತಲೇ ಇದ್ದರು. ಒಬ್ಬರೂ ಬೇಡ ಎನ್ನಲಿಲ್ಲ.

"ಮಗಳು ತವರಿಗೆ ಬರಾಕ ಆಗೂದಿಲ್ಲ, ನಾವ ಬಂದೇವಿ" ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದಳು. "ಸಾಲಿಗೆ ಸೆರಗ ಇಲ್ಲಲ್ಲವಾ. ನೀ ಒಡ್ಡು."

ನಾನು ಹೊಸ್ತಿಲ ಮೇಲೆ ನಿಂತು ಸೆರಗು ಒಡ್ಡಿದೆ. ಗಂಡ ಸತ್ತಂದಿನಿಂದ ಯಾರ ಉಡಿಯನ್ನೂ ತುಂಬದ ಅತ್ತೆ ಮೊರದಿಂದ ಬೊಗಸೆ ತುಂಬಿ ಸುರಿದಳು. ಅಕ್ಕಿ ಒಂದಿಷ್ಟು ನೆಲಕ್ಕೆ ಚೆಲ್ಲಿತು, ಉಳಿದದ್ದು ನನ್ನ ಉಡಿಗೆ ಬಿತ್ತು.