ಹರಿಯಬೇಕಾಗಿದ್ದ ರಬ್ಬರು

ಕೊನೆಬೋಗಿಯ ಮಾನ ಆ ದಿನ ಎರಡು ರಬ್ಬರ್ ಬ್ಯಾಂಡುಗಳ ಮೇಲೆ ನಿಂತಿತ್ತು. ಅಂಗಡಿಯಲ್ಲಿ ಪೊಟ್ಟಣಕ್ಕೆ ಸುತ್ತಿಕೊಡುತ್ತಾರಲ್ಲ, ಅಂಥ ಬಡಪಾಯಿ ರಬ್ಬರು.

ಕೊನೆಬೋಗಿ ಎಂದರೆ ಬೀದಿ ತುದಿಯ ಕನ್ನಡಕದ ಅಂಗಡಿಯವನು. ಊರಿನಲ್ಲಿ ವರ್ಷಕ್ಕೊಮ್ಮೆ ಟ್ರಯಥ್ಲಾನ್ ನಡೆಯುತ್ತಿತ್ತು. ಕೆರೆಯಲ್ಲಿ ಈಜಬೇಕು, ಎದ್ದು ಬಂದು ಸೈಕಲ್ ತುಳಿಯಬೇಕು, ಅದನ್ನು ನಿಲ್ಲಿಸಿ ಓಡಬೇಕು. ಒಂದೊಂದು ಮಾಡಿದರೂ ಜೀವ ಬಾಯಿಗೆ ಬರುವ ಕೆಲಸಗಳನ್ನು ಒಟ್ಟಿಗೆ ಮಾಡಿ ಸುಖಪಡುವ ಜಾಣರ ಆಟ ಅದು. ನಮ್ಮವನು ಪ್ರತಿವರ್ಷ ತಪ್ಪದೆ ಸೇರುತ್ತಿದ್ದ, ತಪ್ಪದೆ ಕೊನೆಯವನಾಗಿ ಬರುತ್ತಿದ್ದ. ಹೆಸರು ಹಾಗೆ ಅಂಟಿಕೊಂಡಿತ್ತು.

ಈ ಸಲ ಹೆಂಡತಿ ಷರತ್ತು ಹಾಕಿದ್ದಳು. “ಈ ವರ್ಷಾನೂ ಕೊನೆಗೆ ಬಂದ್ರೆ ಆ ಸೈಕಲ್ ಬಿಟ್ಬಿಡಬೇಕು. ಬರದಿದ್ರೆ ಅದು ನಿಮ್ದೇ, ನಾನು ತುಟಿ ಬಿಚ್ಚಲ್ಲ.”

ಬೆನ್ನುನೋವಿಗೆಂದು ದಿನಾ ಈಜುಕೊಳಕ್ಕೆ ಹೋಗಿಬರುವ ಹೆಂಗಸಿಗೆ ಈ ಆಟದ ಮರ್ಮವೇನು ಗೊತ್ತು ಎಂದುಕೊಂಡು ಅವನು ಒಪ್ಪಿದ. ಒಪ್ಪಿದ ಮೇಲೆ ಹೆದರಿದ. ಸೈಕಲ್ಲೆಂದರೆ ಅವನಿಗೆ ಪ್ರಾಣ. ಭಾನುವಾರ ಬಿಟ್ಟರೆ ಅದನ್ನು ಹತ್ತುತ್ತಿರಲಿಲ್ಲ, ಆ ಮಾತು ಬೇರೆ. ಹತ್ತಿದಾಗೆಲ್ಲ ಸೀಟು ಒಂದಿಷ್ಟು ಕೆಳಗೆ ಇಳಿದಿರುತ್ತಿತ್ತು. ಬೋಲ್ಟು ಸರಿಯಿಲ್ಲವೆಂದು ಸೈಕಲ್ ಶಾಪಿನವನನ್ನು ಬೈದು ಮೇಲೆತ್ತಿಕೊಳ್ಳುತ್ತಿದ್ದ.

ತಾನು ಹಿಂದೆ ಬೀಳುವುದು ಈಜಿನಿಂದಲ್ಲ, ಓಟದಿಂದಲ್ಲ, ಬೂಟಿನಿಂದ ಎಂಬುದು ಅವನ ಸಂಶೋಧನೆ. ಕುಣಿಯಲಾರದವಳಿಗೆ ನೆಲ ಡೊಂಕು, ಇವನಿಗೆ ಬೂಟು. ನೀರಿನಿಂದ ಎದ್ದು ಬಂದವನು ಕೂತು, ಕಾಲೊರೆಸಿ, ನೆಂಟರ ಮನೆಗೆ ಹೊರಟವನಂತೆ ಬೂಟು ಹಾಕಿಕೊಳ್ಳುವಷ್ಟರಲ್ಲಿ ಉಳಿದವರು ತಿರುವು ದಾಟಿರುತ್ತಿದ್ದರು. ಫೋನಿನಲ್ಲಿ ನೋಡಿ ಅವನು ಉಪಾಯ ಕಲಿತ. ಬೂಟಿನ ಅಡಿಯ ಕೊಕ್ಕೆಯನ್ನು ಮೊದಲೇ ಪೆಡಲಿಗೆ ಸಿಕ್ಕಿಸಿಡಬೇಕು. ಬೂಟು ಜೋತುಬೀಳದ ಹಾಗೆ ಅದರ ಹಿಮ್ಮಡಿಯನ್ನು ಸಣ್ಣ ರಬ್ಬರಿನಿಂದ ಸೈಕಲ್ಲಿಗೆ ಕಟ್ಟಬೇಕು. ಬರಿಗಾಲಲ್ಲಿ ಓಡಿಬಂದು ಹಾರಿ ಕೂತು ಒಂದು ಸಲ ತುಳಿದರೆ ರಬ್ಬರು ಪಟ್ಟೆಂದು ಹರಿಯುತ್ತದೆ, ಸೈಕಲ್ ಓಡುತ್ತಿರುವಾಗಲೇ ಕಾಲನ್ನು ಬೂಟಿನೊಳಗೆ ತೂರಿಸಿದರಾಯಿತು.

ಸ್ಪರ್ಧೆಯ ಬೆಳಿಗ್ಗೆ ಸೀಟು ಮತ್ತೆ ಇಳಿದಿತ್ತು. ಅದನ್ನು ಎತ್ತಿ, ಬೂಟುಗಳನ್ನು ಪೆಡಲಿಗೆ ಸಿಕ್ಕಿಸಿ, ರಬ್ಬರು ಕಟ್ಟಿ, ತೋಳಿನ ಮೇಲೆ ನಂಬರ್ ಬರೆಸಿಕೊಳ್ಳಲು ಹೋದ. ಬೂಟಿನ ಒಳಗೆ ಮಾತ್ರ ನೋಡಲಿಲ್ಲ. ಊರಿಗೆಲ್ಲ ಕಣ್ಣು ಕಾಣಿಸುವವನಿಗೆ ಅಷ್ಟು ರಿಯಾಯಿತಿ ಇರಲಿ.

ಅವನು ಅತ್ತ ಹೋದದ್ದೇ ತಡ, ಇತ್ತ ಉಪಕಾರ ಶುರುವಾಯಿತು. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಅಂದು ಸ್ವಯಂಸೇವಕರು. ಕೊರಳಲ್ಲಿ ಸೀಟಿ, ಎದೆಯಲ್ಲಿ ಬ್ಯಾಡ್ಜು. ಅವರು ರಬ್ಬರನ್ನು ಬೆರಳಿನಿಂದ ಮೀಟಿ ನೋಡಿದರು.

“ಥೂ, ಮುಟ್ಟಿದ್ರೆ ಹರಿಯುತ್ತೆ. ಇದನ್ನ ನಂಬ್ಕೊಂಡು ಹೊರಟಿದ್ದಾನಲ್ಲ ಪುಣ್ಯಾತ್ಮ.”

ಹಳೆಯ ಟ್ಯೂಬು ಕತ್ತರಿಸಿ, ಎಮ್ಮೆ ಕಟ್ಟಿದರೂ ನಿಲ್ಲುವಂಥ ಎರಡು ಪಟ್ಟಿ ಬಿಗಿದರು. ಪ್ರಥಮ ಚಿಕಿತ್ಸೆಯ ಮೇಜಿನಲ್ಲಿದ್ದ ಔಷಧಿ ಅಂಗಡಿಯವನೂ ಬಂದ. ಒದ್ದೆ ಕಾಲು ಸಲೀಸಾಗಿ ಜಾರಲಿ ಎಂದು ಬೂಟುಗಳಿಗೆ ತಲಾ ಅರ್ಧ ಡಬ್ಬಿ ಪೌಡರ್ ಸುರಿದ.

ಕೊನೆಬೋಗಿ ಆ ದಿನ ಈಜಿದ್ದು ನೋಡಬೇಕಿತ್ತು. ನೀರಿನಿಂದ ಎದ್ದಾಗ ಅವನ ಹಿಂದೆ ಇನ್ನೂ ಎಂಟು ಹತ್ತು ತಲೆಗಳಿದ್ದವು. ಜನ್ಮದಲ್ಲಿ ಮೊದಲ ಬಾರಿಗೆ ಹಿಂದೆ ಜನ. ಅವನಿಗೆ ಅಳುವೇ ಬಂತು. ಸೈಕಲ್ ತಳ್ಳಿಕೊಂಡು ಅದನ್ನು ಹತ್ತಬೇಕಾದ ಗೆರೆಯವರೆಗೆ ಓಡಿ, ಹಾರಿ ಕೂತು, ಬಲವಾಗಿ ತುಳಿದ.

ಪೆಡಲ್ ಅಲ್ಲಾಡಲಿಲ್ಲ. ಅವನು ಸೈಕಲ್ ಸಮೇತ ನಿಧಾನವಾಗಿ ಎಡಕ್ಕೆ ಒರಗಿ ನೆಲ ಸೇರಿದ.

“ಏಳಪ್ಪಾ, ಇನ್ನೊಂದ್ಸಲ ತುಳಿ,” ಎಂದರು ಮೇಷ್ಟ್ರು ಹಗ್ಗದ ಆಚೆಯಿಂದ. ಹೊರಗಿನವರ ಕೈ ತಾಗಿದರೆ ಆಟದಿಂದ ತೆಗೆದುಹಾಕುತ್ತಿದ್ದುದರಿಂದ ಅವರು ಸಲಹೆಯೊಂದನ್ನೇ ಕೊಡಬಹುದಾಗಿತ್ತು. ಅದನ್ನು ಧಾರಾಳವಾಗಿ ಕೊಟ್ಟರು.

“ಹರೀತಿಲ್ಲ ಮೇಷ್ಟ್ರೇ, ರಬ್ಬರು ಹರೀತಿಲ್ಲ.”

“ಹೇಗೆ ಹರಿಯುತ್ತೆ? ಕಟ್ಟಿದ್ದು ಯಾರು?” ಎಂದು ಮೇಷ್ಟ್ರು ಹೆಮ್ಮೆಯಿಂದ ಸುತ್ತ ನೋಡಿದರು.

ಅವನು ಮಂಡಿಯೂರಿ ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಾಗ ಉಳಿದವರೆಲ್ಲ ದಾಟಿದರು. ಎಪ್ಪತ್ತು ಮೀರಿದ ಗ್ರಂಥಪಾಲಕರೊಬ್ಬರು ಕುರ್ಚಿಯಲ್ಲಿ ಕೂತು, ಕಾಲ್ಬೆರಳುಗಳ ಸಂದಿಯನ್ನೂ ಒರೆಸಿ, ಕಾಲುಚೀಲ ಏರಿಸಿ, ಬೂಟಿನ ದಾರ ಕಟ್ಟಿ, “ಬರ್ಲಾ?” ಎಂದು ಕೇಳಿ ಹೋದರು.

ಕಡೆಗೂ ಪಟ್ಟಿ ಬಿಚ್ಚಿತು. ಈಗ ಕಾಲು ಒಳಗೆ ಹೋಗಲಿಲ್ಲ. ಒದ್ದೆ ಕಾಲು ಪೌಡರಿಗೆ ಸೇರಿ ಒಳಗೆಲ್ಲ ಹಿಟ್ಟು ಕಲಸಿದಂತಾಗಿತ್ತು. ಅದರಾಚೆ ಬೆರಳಿಗೆ ಏನೋ ಗಟ್ಟಿಯಾಗಿ ತಡೆಯುತ್ತಿತ್ತು. ಬೆರಳು ಮಡಚಿ, ಹಲ್ಲು ಕಚ್ಚಿ ಕಾಲನ್ನು ತುರುಕಿದ. ಸೈಕಲ್ ಮುಗಿಸಿ ಬಂದಾಗ ಬಿಸಿಲಿಗೆ ಹಿಟ್ಟು ಒಣಗಿ, ಒಳಗೆ ಹೋಗಲೊಲ್ಲದ ಕಾಲು ಹೊರಗೆ ಬರಲೊಲ್ಲದು. ಓಟದ ಬೂಟುಗಳು ಚಾಪೆಯ ಮೇಲೆ ಸುಮ್ಮನೆ ಕಾದವು. ಅವನು ಕೊಕ್ಕೆಬೂಟಿನಲ್ಲೇ ಟಕ ಟಕ ಓಡಿದ. ಜಟಕಾ ಬಂತೆಂದು ಜನ ಪಕ್ಕಕ್ಕೆ ಸರಿದರು.

ಮುಗಿಯುವ ಗೆರೆ ಕಣ್ಣಿಗೆ ಬಿದ್ದಾಗ ಉಳಿದವರೆಲ್ಲ ಅದನ್ನು ದಾಟಿಯಾಗಿತ್ತು, ಇನ್ನೂ ಓಡುತ್ತ ಮುಂದಿದ್ದವರು ಗ್ರಂಥಪಾಲಕರೊಬ್ಬರೇ. ಹಾಳು ಸೈಕಲ್ ಹೋಯಿತಲ್ಲ ಎಂದುಕೊಂಡ. ಅಷ್ಟರಲ್ಲಿ ಅವರ ಬೂಟಿನ ದಾರ ಬಿಚ್ಚಿಕೊಂಡಿತು. ಶಿಸ್ತಿನ ಮನುಷ್ಯ. ಬದಿಗೆ ಸರಿದು, ಬಗ್ಗಿ, ಅಚ್ಚುಕಟ್ಟಾಗಿ ಗಂಟು ಹಾಕತೊಡಗಿದರು. ಕೊನೆಬೋಗಿ ಟಕ ಟಕ ಟಕ ಎಂದು ಅವರನ್ನು ದಾಟಿ ಗೆರೆಯ ಮೇಲೆ ಬಿದ್ದ.

ಕೊನೆಯಲ್ಲ. ಕೊನೆಯಿಂದ ಎರಡನೆಯವನು. ಗೆದ್ದವನಿಗೂ ಅಷ್ಟು ಸಂತೋಷ ಆಗಿರಲಾರದು.

“ಸೈಕಲ್ ನಂದೇ,” ಎಂದ ಹೆಂಡತಿಗೆ, ಬಿದ್ದಲ್ಲಿಂದಲೇ.

“ನಿಮ್ದೇ ರೀ. ಮಾತು ಅಂದ್ರೆ ಮಾತು,” ಎಂದಳು ಅವಳು.

ಮೇಷ್ಟ್ರು ಒಂದು ಕಾಲು, ಔಷಧಿಯವನು ಒಂದು ಕಾಲು ಹಿಡಿದು ಎಳೆದರು. ಬೂಟಿನ ಜೊತೆ ಒಳಗಿನಿಂದ ಕಾಗದದ ಉಂಡೆಯೂ ಬಂತು. ಇನ್ನೊಂದರಿಂದ ಇನ್ನೊಂದು ಉಂಡೆ. ಕೊನೆಬೋಗಿ ಎದ್ದು ಕೂತ.

“ಇದನ್ನ ತುರುಕಿದ ಮಹಾನುಭಾವರು ಯಾರು?”

“ರಬ್ಬರು ನಂದು, ಒಪ್ಕೋತೀನಿ. ಕಾಗದ ನಂದಲ್ಲ,” ಎಂದರು ಮೇಷ್ಟ್ರು.

“ನಂದು ಪೌಡರ್ ಮಾತ್ರ,” ಎಂದ ಔಷಧಿಯವನು.

“ನಾನು,” ಎಂದಳು ಹೆಂಡತಿ. “ನಿಮ್ಮ ಬೂಟು ನಂಗೆ ಮುಂದೆ ದೊಡ್ಡದಾಗುತ್ತೆ. ನೀವು ಅಂಗಡೀಲಿರೋವಾಗ ದಿನಾ ಹಾಕ್ಕೊಂಡು ತುಳೀತೀನಲ್ಲ. ನಿನ್ನೆ ತೆಗೆಯೋಕೆ ಮರೆತೆ.”

ಕೊನೆಬೋಗಿಗೆ ಸೀಟಿನ ಬೋಲ್ಟು ನೆನಪಾಯಿತು, ಬೆನ್ನುನೋವೂ ನೆನಪಾಯಿತು.

“ಹೆಂಗಸರ ಸ್ಪರ್ಧೆ ಇನ್ನೇನು ಶುರುವಾಗುತ್ತೆ. ನಾನೂ ಸೇರಿದ್ದೀನಿ. ಸೈಕಲ್ ನಿಮ್ದೇ, ಸ್ವಲ್ಪ ಹೊತ್ತು ಎರವಲು ಕೊಡಿ.”

“ಕೊಡಪ್ಪಾ, ಮನೆಯವರಿಗೇ ಇಲ್ಲ ಅಂತೀಯಾ?” ಎಂದರು ಮೇಷ್ಟ್ರು. ಸುತ್ತ ನಿಂತವರೂ ಅದನ್ನೇ ಅಂದರು.

ಅವಳು ಬೂಟುಗಳನ್ನು ಒರೆಸಿ, ಹೊಸ ಕಾಗದ ತುಂಬಿ, ಪೆಡಲಿಗೆ ಸಿಕ್ಕಿಸಿ, ಪರ್ಸಿನಿಂದ ಎರಡು ಬಡಪಾಯಿ ರಬ್ಬರು ತೆಗೆದಳು. ಕೈ ಚಾಚಿದ ಮೇಷ್ಟ್ರನ್ನು ತಡೆದಳು. “ಬೇಡಿ ಮೇಷ್ಟ್ರೇ. ಅದು ಇರೋದೇ ಹರಿಯೋದಕ್ಕೆ.”

ನೀರಿನಿಂದ ಎದ್ದು ಬಂದು ಹಾರಿ ಕೂತಳು. ಪಟ್, ಪಟ್. ತಿರುವು ಬರುವ ಮೊದಲೇ ಎರಡೂ ಕಾಲು ಬೂಟಿನೊಳಗೆ, ಹಿತ್ತಲಿಗೆ ಹೋಗುವಾಗ ಚಪ್ಪಲಿ ಮೆಟ್ಟಿಕೊಂಡಷ್ಟು ಸಲೀಸಾಗಿ. ಕೊನೆಬೋಗಿಯ ಪಕ್ಕದಲ್ಲಿ ನಿಂತಿದ್ದ ಗ್ರಂಥಪಾಲಕರು ಬೆರಗಾದರು.

“ಆಕೆ ನಿಮಗೇನಾಗಬೇಕು?”

“ಹೆಂಡತಿ.”

“ಹೌದಾ? ಹಾಗಾದ್ರೆ ನಿಮಗೂ ಸ್ವಲ್ಪ ಹೇಳಿಕೊಡಬಹುದಾಗಿತ್ತು.”

ಅವಳು ಎರಡನೆಯವಳಾಗಿ ಬಂದಳು. ಮೊದಲ ಮೂವರು ಮುಂದಿನ ತಿಂಗಳ ದೊಡ್ಡ ಸ್ಪರ್ಧೆಗೆ ಆಯ್ಕೆ ಎಂದು ಮೈಕಿನಲ್ಲಿ ಕೂಗಿದರು. ಮೇಷ್ಟ್ರು ಸೀಟಿ ಊದಿದರು. ಅವಳು ಸೈಕಲ್ ತಳ್ಳಿಕೊಂಡು ಬಂದು, ಬರಿಗಾಲಲ್ಲಿ ನಿಂತಿದ್ದ ಗಂಡನ ಕೈಗೆ ಕೊಟ್ಟಳು. ಅವನು ಅದನ್ನು ತಬ್ಬಿಕೊಂಡಂತೆ ಹಿಡಿದು, ಅಭ್ಯಾಸಬಲದಿಂದ ಸೀಟಿನ ಬೋಲ್ಟಿಗೆ ಕೈ ಹಾಕಿದ.

“ಸೈಕಲ್ ನಿಮ್ದೇ ರೀ, ಯಾರೂ ಅಲ್ಲ ಅನ್ನಲ್ಲ,” ಎಂದಳು ಅವಳು ಬೆವರೊರೆಸಿಕೊಳ್ಳುತ್ತ. “ಸೀಟು ಮಾತ್ರ ಎತ್ತಬೇಡಿ.”